ನೀಲಿ ಮುಚ್ಚಳದ ಡಬ್ಬಿ

ವೈನ್ ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಸದ್ಯ, ಅದರ ಜೊತೆ ಗುದ್ದಾಡುವುದು ತಪ್ಪಿತು ಅಂದುಕೊಂಡಳು ಅಕ್ಕ. ಉಸಿರು ಬಿಗಿಹಿಡಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಕಲ್ಲಂಗಡಿ, ಸ್ಟ್ರಾಬೆರಿ ಹೆಚ್ಚಿ ತುಂಬಿದ್ದ ಮಿಕ್ಸಿ ಜಾರಿಗೆ ಅದನ್ನು ಸುರಿದಳು. ಕುಡಿಯುವುದರ ವಾಸನೆ ಎಂದರೆ ಅವಳಿಗೆ ಆಗದು. ಎಷ್ಟೋ ವರ್ಷ ಗಂಡ ಹೊಸಿಲು ದಾಟುವ ಮೊದಲೇ ಆ ವಾಸನೆ ಒಳಗೆ ಬಂದುಬಿಡುತ್ತಿತ್ತು.

ಇದೆಲ್ಲ ತಂಗಿಯ ಹುಟ್ಟುಹಬ್ಬದ ಆಸೆ. ವಾರದ ಹಿಂದೆಯೇ ಬಾಟಲಿ ತಂದಿಟ್ಟು, ಫೋನಿನಲ್ಲಿ ಪಾಠವನ್ನೂ ಮಾಡಿದ್ದಳು. "ಹಣ್ಣಿನ ಜೊತೆ ರುಬ್ಬಿ ಫ್ರೀಜರಲ್ಲಿಡು, ಅಷ್ಟೇ. ವೈನ್ ಬಿದ್ದದ್ದು ಎಷ್ಟು ಹೊತ್ತಿಟ್ಟರೂ ಕಲ್ಲಾಗಲ್ಲ ಅಕ್ಕ, ಚಮಚ ಹಾಕಿದ್ರೆ ಮೆತ್ತಗೆ ಬರತ್ತೆ. ಬರೀ ಜ್ಯೂಸಾದ್ರೆ ಇಟ್ಟಿಗೆ ಥರ ಆಗಿಬಿಡತ್ತೆ."

ಅಕ್ಕ ಖಡಾಖಂಡಿತವಾಗಿ ಬೇಡವೆಂದಿದ್ದಳು. ಒಪ್ಪಿಸಿದವನು ಗಂಡನೇ. "ನಾನು ಬಿಟ್ಟೆ ಅಂತ ನಿನ್ನ ತಂಗಿ ಯಾಕೆ ಬಾಯಿ ಒಣಗಿಸ್ಕೋಬೇಕು? ಮಾಡೇ. ನಂಗೆ ದ್ರಾಕ್ಷಿ ಜ್ಯೂಸಲ್ಲಿ ಬೇರೆ ಒಂದು ಡಬ್ಬಿ ಮಾಡಿಡು." ಎಂಥ ಧಾರಾಳ ಮನಸ್ಸು! ಬಿಸಿಲೋ ಬಿಸಿಲು ಎನ್ನುತ್ತ ಜ್ಯೂಸನ್ನೂ ವಾರವಿಡೀ ಅವನೇ ತಂದು ಫ್ರಿಜ್ಜು ತುಂಬಿಸಿದ್ದ.

ನೀಲಿ ಮುಚ್ಚಳದ್ದು ವೈನು, ಬಿಳಿ ಮುಚ್ಚಳದ್ದು ಜ್ಯೂಸು. ಬಣ್ಣ ಮಾತ್ರ ಎರಡರದ್ದೂ ಒಂದೇ. ಬೆಳಿಗ್ಗೆ ಫ್ರೀಜರಿಗೆ ಇಟ್ಟ ಗಳಿಗೆಯಿಂದ ಅವಳ ಜೀವಕ್ಕೆ ನೆಮ್ಮದಿಯಿಲ್ಲ. ಬಾಯಾರಿ ಬಂದವನು ನೀಲಿ ಡಬ್ಬಿಗೆ ಕೈ ಹಾಕಿಬಿಟ್ಟರೆ? ಒಂದು ಚಮಚ ನಾಲಿಗೆಗೆ ತಾಗಿದರೂ ಹಳೆಯದೆಲ್ಲ ಎದ್ದು ಕೂರಬಹುದು ಎಂದು ಡಾಕ್ಟರು ಹೆದರಿಸಿದ್ದರು. ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು. ಮನಸ್ಸು ತಡೆಯದೆ ಹೋಗಿ ಇನ್ನೊಂದು ಸುತ್ತಿ ಬಂದಳು. ಹಿಂದೆ ಕುಡಿದು ಶಾಲೆಯ ಬಸ್ಸನ್ನು ಗೋಡೆಗೆ ಗುದ್ದಿಸಿ ಕೆಲಸ ಕಳಕೊಂಡವನು. ಅವರಿವರ ಕೈಕಾಲು ಹಿಡಿದ ಮೇಲೆ, ಮಕ್ಕಳನ್ನು ಬೇಸಿಗೆಯ ಈಜಿನ ಕ್ಲಾಸಿಗೆ ಬಿಟ್ಟು ಕರೆತರಲು ಅದೇ ಬಸ್ಸು ಈಗ ತಾನೇ ಮತ್ತೆ ಕೈಗೆ ಸಿಕ್ಕಿತ್ತು. ಗೋಡೆಗೆ ಗುದ್ದಿದ ದಿನವೇನೋ ಬಸ್ಸು ಖಾಲಿಯಿತ್ತು, ಪುಣ್ಯ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ತಂಗಿ ಬಂದವಳೇ ಚಪ್ಪಲಿ ಕಳಚಿ ನೇರ ಅಡುಗೆಮನೆಗೆ ನುಗ್ಗಿದಳು. ಮಕ್ಕಳನ್ನು ಬಿಟ್ಟುಬಂದ ಗಂಡ ಉಂಡು ಒಳಕೋಣೆಯಲ್ಲಿ ಮಲಗಿದ್ದ.

"ಮಗಳೆಲ್ಲೇ?" ಎಂದಳು ಅಕ್ಕ.

"ಈಜೋಕೆ ಹೋಗಿದಾಳಲ್ಲ, ಭಾವನೇ ಕರ್ಕೊಂಡು ಬರ್ತಾರೆ. ಬೇರೆಯವರಾಗಿದ್ರೆ ನಾನು ಕಳಿಸ್ತಾನೇ ಇರ್ಲಿಲ್ಲಪ್ಪ. ದೊಡ್ಡಪ್ಪನ ಬಸ್ಸು ಅನ್ನೋ ಧೈರ್ಯ." ತಂಗಿ ನೀಲಿ ಡಬ್ಬಿಯನ್ನು ಹೊರಗೆಳೆದು ನಕ್ಕಳು. "ಇದೇನಕ್ಕ, ಬೀಗ ಒಂದು ಜಡಿದಿಲ್ಲ ನೀನು!"

ಬ್ಯಾಂಡು ಬಿಚ್ಚಿ ಚಮಚ ಹಾಕಿದಳು. ಟಕ್ ಎಂದಿತು. ಒತ್ತಿದಳು. ಚಮಚ ಬಾಗಿತೇ ಹೊರತು ಒಳಗಿಳಿಯಲಿಲ್ಲ.

"ಡಬ್ಬಿ ಅದಲುಬದಲಾಗಿದೆ ನೋಡು."

ಹಾಗಾದರೆ ಗಂಡನ ಪಾಲಿನ ಬಿಳಿ ಡಬ್ಬಿಯಲ್ಲಿ ವೈನಿದೆಯೇ? ಅವನು ಆಗಲೇ ಅದಕ್ಕೆ ಕೈ ಹಾಕಿದ್ದಾನೋ ಏನೋ! ಅಕ್ಕ ತಡಬಡಾಯಿಸಿ ಅದನ್ನೆಳೆದು ತಾನೇ ಚಮಚದಿಂದ ಕುಕ್ಕಿದಳು. ಅದೂ ಕಲ್ಲು.

"ಎರಡೂ ಬರೀ ಜ್ಯೂಸೇ. ವೈನ್ ಹಾಕೋದೇ ಮರೆತೆಯಾ?"

"ಹಾಕಿದೆ ಕಣೇ. ಪೂರ್ತಿ ಬಾಟಲಿ, ಈ ಕೈಯಾರೆ."

ತಂಗಿ ಮೂಲೆಯಲ್ಲಿದ್ದ ಖಾಲಿ ಬಾಟಲಿಯನ್ನೆತ್ತಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಅವಳ ಮುಖದ ನಗು ಆರಿತು. "ಅಕ್ಕ... ಇದರಲ್ಲೂ ದ್ರಾಕ್ಷಿ ಜ್ಯೂಸೇ ಇದ್ದದ್ದು. ನೀನು ತೆಗೀವಾಗ ಮುಚ್ಚಳದ ಸೀಲು ಕಟಕಟ ಅಂದಿತ್ತಾ?"

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಒಂದೇ ತಿರುವು. ಮನೆಯಲ್ಲಿರುವುದು ಇಬ್ಬರೇ.

ಹಜಾರದಲ್ಲಿ ಮೊಳೆಗೆ ತೂಗುಹಾಕಿದ್ದ ಬಸ್ಸಿನ ಕೀ ಗೊಂಚಲು ಸದ್ದು ಮಾಡಿತು. ಮುಖ ತೊಳೆದು, ಶರ್ಟು ಬದಲಿಸಿ, ಬಾಯಲ್ಲಿ ಪೆಪ್ಪರ್‌ಮಿಂಟು ಹಾಕಿಕೊಂಡು ಗಂಡ ಹೊರಟು ನಿಂತಿದ್ದ.

"ಓಹೋ, ಯಾವಾಗ ಬಂದೆ?" ಎಂದ ನಾದಿನಿಗೆ. "ನಿನ್ನ ರಾಜಕುಮಾರೀನ ಮುಂದಿನ ಸೀಟಲ್ಲೇ ಕೂರಿಸ್ಕೊಂಡು ಬರ್ತೀನಿ, ಚಿಂತೆ ಬಿಡು."

ಅಕ್ಕ ಹೇಗೆ ಹೋದಳೋ, ಬಾಗಿಲಿಗೆ ಅಡ್ಡ ನಿಂತಿದ್ದಳು. ಬೆಳಗಿನಿಂದ ಒಂದು ಚಮಚಕ್ಕೆ ಹೆದರಿ ಸತ್ತಿದ್ದಳಲ್ಲ, ಆ ಹೆದರಿಕೆ ಈಗ ಮಕ್ಕಳಾಟದಂತೆ ಕಂಡಿತು. ಕೈ ಚಾಚಿದಳು.

"ರೀ, ಕೀ ಕೊಡಿ."

ರೇಗಲಿ, ತಲೆ ಕೆಟ್ಟಿದೆಯಾ ಅಂತ ಬೈಯಲಿ, ಯಾಕೆ ಅಂತ ಒಂದೇ ಒಂದು ಮಾತು ಕೇಳಲಿ ದೇವರೇ, ನನ್ನದೇ ತಪ್ಪು ಅಂತ ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

ಗಂಡ ಅವಳ ಭುಜದಾಚೆ, ಅಡುಗೆಮನೆಯಲ್ಲಿ ಬಾಟಲಿ ಹಿಡಿದು ನಿಂತಿದ್ದ ನಾದಿನಿಯನ್ನು ನೋಡಿದ. ಆಮೇಲೆ ಕೀ ಗೊಂಚಲನ್ನು ಹೆಂಡತಿಯ ಅಂಗೈಯಲ್ಲಿಟ್ಟ. ಯಾಕೆ ಅಂತ ಕೇಳಲಿಲ್ಲ.