ಫೋಟೋದೊಳಗಿನ ಕಂಬಳಿ

ಪಾತಣ್ಣ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದ. ಹೆಂಡತಿ ಮಾಲತಿಯ ಮುಖ ಪರದೆಯಿಂದಾಚೆ ಸರಿದು, ಅವಳ ಹಿಂದಿನ ಮಂಚದ ಮೇಲೆ ಮಡಿಸಿಟ್ಟಿದ್ದ ಕಂಬಳಿ ದೊಡ್ಡದಾಯಿತು. ಕರಿ ಕಂಬಳಿ, ಅಂಚಿಗೆ ಬಿಳಿ ಉಣ್ಣೆಯ ಮೂರು ಗೆರೆ. ತನ್ನ ಮನೆಯ ಕಂಬಳಿಗಳಿಗೆ ಒಂದೇ ಗೆರೆ. ಬೇರೆಯವರ ಕುರಿಯೊಂದು ತನ್ನ ಮಂದೆಗೆ ಸೇರಿಕೊಂಡರೆ ದೂರದಿಂದಲೇ ಗುರುತು ಹಿಡಿಯುವವನಿಗೆ ಇದು ಯಾರದೆಂದು ತಿಳಿಯದಿರುತ್ತದೆಯೇ? ಪಕ್ಕದ ಮನೆಯ ಹೊನ್ನೂರಸ್ವಾಮಿಯದು. ಅವನ ತಾಯಿ ಬೊಮ್ಮಕ್ಕ ಮಗನಿಗೆಂದೇ ನೇಯಿಸಿದ್ದು.

ಫೋಟೋಗೆ ಮೊದಲ ಹೃದಯ ಒತ್ತಿದವನೂ ಅವನೇ.

ಕುರಿ ಹೊಡೆದುಕೊಂಡು ಆಂಧ್ರದ ಕಡೆ ಬಂದು ಮೂರು ತಿಂಗಳಾಗಿತ್ತು. ಸಿಗ್ನಲ್ ಸಿಕ್ಕಲ್ಲೆಲ್ಲ ಪಾತಣ್ಣ ಫೇಸ್‌ಬುಕ್ ತೆರೆದು ಹೊನ್ನೂರಸ್ವಾಮಿಯ ಹೃದಯಗಳನ್ನು ಎಣಿಸುತ್ತಿದ್ದ. ಹೆಂಡತಿಗೆ ಫೋನು ಮಾಡಿದರೆ ಊಟ ಆಯಿತೇ ಎಂಬ ಮಾತಿಲ್ಲ, ಆನ್‌ಲೈನ್‌ನಲ್ಲಿ ಯಾರ ಜೊತೆ ಇದ್ದೆ ಎಂಬ ವಿಚಾರಣೆ. ಉತ್ತರ ಕೊಟ್ಟು ಸಾಕಾಗಿ ಅವಳು ಈಚೆಗೆ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ಅನುಮಾನ ಇನ್ನಷ್ಟು ಬಲಿಯಿತು. ಈಗ ನೋಡಿದರೆ ಈ ಕಂಬಳಿ.

ಮನೆಯವಳಿಗೆ ಹುಷಾರಿಲ್ಲ ಎಂದು ಬಾಯಿಗೆ ಬಂದ ಸುಳ್ಳು ಹೇಳಿ, ಮಂದೆಯನ್ನು ಜೊತೆಗಾರ ಓಬಳಪ್ಪನಿಗೆ ಒಪ್ಪಿಸಿ ಹೊರಟ. ರಾಯದುರ್ಗದಲ್ಲೊಂದು ಬಸ್ಸು, ಮೊಳಕಾಲ್ಮೂರಿನಲ್ಲೊಂದು, ಚಳ್ಳಕೆರೆಯಲ್ಲಿ ಮತ್ತೊಂದು. ಕೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮಸೆಯುತ್ತಲೇ ಬಂದ. ತನ್ನೂರು ದೊಡ್ಡಉಳ್ಳಾರ್ತಿಯಲ್ಲಿ ಇಳಿದಾಗ ನಡು ಮಧ್ಯಾಹ್ನ.

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅದೇ ಕಂಬಳಿ. ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದವಳಿಗೆ ಬಂದೆ ಎಂದೂ ಹೇಳಲಿಲ್ಲ.

"ಹೊನ್ನೂರನ ಕಂಬಳಿ ಇಲ್ಲಿಗೆ ಹೆಂಗೆ ಬಂತು?"

ಮಾಲತಿ ತಿರುಗಿದಳು. ಎಡಗೈಗೆ ಅಂಗೈಯಿಂದ ಮೊಣಕೈ ದಾಟುವವರೆಗೆ ಬಿಳಿ ಪ್ಲಾಸ್ಟರು, ಕೈಯನ್ನು ಕೊರಳಿಗೆ ತೂಗುಹಾಕಿದ ಪಟ್ಟಿ. ಅಷ್ಟರಲ್ಲಿ ಹಿತ್ತಲಿಂದ ನೀರಿನ ಕೊಡ ಹೊತ್ತು ಬೊಮ್ಮಕ್ಕ ಬಂದಳು.

"ಬಿದ್ದು ಎಂಟು ದಿನ ಆತಪ್ಪ. ಹೊನ್ನೂರ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದ. ಒಂಟಿ ಹೆಂಗಸು ಅಂತ ನಾನೇ ಬಂದು ಮಲಗ್ತೀನಿ. ಚಳಿ ಅಂತ ಮಗಂದೇ ಕಂಬಳಿ ತಂದಿದ್ದೆ."

ಪಾತಣ್ಣ ಫೋನು ತೆಗೆದ. ಹಿಗ್ಗಿಸದೆ ಇಡೀ ಫೋಟೋ ನೋಡಿದ್ದು ಅದೇ ಮೊದಲು. ಸೆರಗಿನ ಕೆಳಗೆ ಬಿಳಿ ಪ್ಲಾಸ್ಟರು ಎದ್ದು ಕಾಣುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಆದರೂ ತಪ್ಪು ಅವಳದೇ ಎಂಬಂತೆ ಕೇಳಿದ:

"ನಂಗ್ಯಾಕೆ ಹೇಳ್ಲಿಲ್ಲ?"

"ಹೋದ ತಿಂಗಳು ಜ್ವರ ಅಂದೆ. ಕುರಿ ಬಿಟ್ಟು ಬರಕಾಗಲ್ಲ ಅಂದ್ರಿ." ಮಾಲತಿ ಒಂದೇ ಕೈಯಲ್ಲಿ ಚೆಂಬಿಗೆ ನೀರು ತುಂಬಿಸಿ ಅವನ ಮುಂದಿಟ್ಟಳು. "ಕಂಬಳಿ ನೋಡಿ ಇಷ್ಟು ದೂರ ಬಂದ್ರಿ. ಕೈ ನೋಡಿದ್ರೆ ಬರ್ತಿದ್ರಾ?"