ಯಾರ ಪೈಕಿ?

"ಹುಡುಗ ಯಾರ ಪೈಕಿ?" ಎಂದು ಕಾರ್ಯದರ್ಶಿ ಮತ್ತೆ ಅದನ್ನೇ ಕೇಳಿದಾಗ ದರ್ಜಿಯಮ್ಮನ ತಲೆ ಕೆಟ್ಟುಹೋಯಿತು.

"ಯಾರ ಪೈಕಿನೂ ಅಲ್ಲ ಕಣೋ! ಲಿಫ್ಟ್ ರಿಪೇರಿ ಮಾಡ್ತಾನೆ. ನನ್ನ ಮಗಳನ್ನ ಮೆಚ್ಚಿದಾನೆ, ನಮ್ಮ ಪ್ರಾರ್ಥನೆಗೂ ತಪ್ಪದೆ ಬರ್ತಾನೆ. ಇನ್ನೇನು ಬೇಕು ನಿನಗೆ?"

ಕಾರ್ಯದರ್ಶಿ ಬೇರೆ ಯಾರೋ ಅಲ್ಲ, ಅವಳ ಚಿಕ್ಕಪ್ಪನ ಮಗನೇ. ಆದರೆ ಪ್ರಾರ್ಥನಾ ಮಂದಿರದ ಆ ಕುರ್ಚಿಯಲ್ಲಿ ಕೂತ ಮೇಲೆ ಅವನಿಗೆ ಒಡಹುಟ್ಟಿದವರೂ ಅರ್ಜಿದಾರರೇ. "ಅಕ್ಕಾ, ಹೊರಗಿನವರಿಗೆ ಇಲ್ಲಿ ಮದುವೆ ಮಾಡೋ ಪದ್ಧತಿ ನಮ್ಮ ಪಂಥದಲ್ಲಿ ಮೊದಲಿನಿಂದಲೂ ಇಲ್ಲ. ಗುರುಗಳ ಹಿಂದೆ ಬಂದ ಮೊದಲ ಹನ್ನೊಂದು ಮಂದೀಲಿ ಸಂಬಂಧ ಇಲ್ಲದೆ ಬಂದೋರು ಒಬ್ಬರನ್ನ ತೋರಿಸು, ನಾಳೆನೇ ಮಂದಿರದ ಬೀಗದ ಕೈ ಕೊಡ್ತೀನಿ."

"ಇಲ್ಲಿ ಆಗದಿದ್ರೆ ರಿಜಿಸ್ಟರ್ ಆಫೀಸಲ್ಲಿ ಆಗ್ತೀನಿ, ಆಮೇಲೆ ಆ ಮೆಟ್ಟಿಲು ತುಳಿಯಲ್ಲ" ಎಂದು ಮಗಳು ಖಡಾಖಂಡಿತ ಹೇಳಿಬಿಟ್ಟಿದ್ದಳು. ಹೇಳಿದಂತೆ ಮಾಡುವವಳೇ. ತಾನು ಮದುವೆಯಾದ ಜಾಗದಲ್ಲೇ ಮಗಳದ್ದೂ ಆಗಲಿ ಎಂಬ ಆಸೆ ತಾಯಿಗೆ. ಅದಕ್ಕೇ ಅಂಗಡಿಗೆ ಬೀಗ ಜಡಿದು, ಆ ಹನ್ನೊಂದು ಮಂದಿಯನ್ನೂ ಕಣ್ಣಾರೆ ಕಂಡಿದ್ದ ಅಜ್ಜಿಯನ್ನು ಕೈಹಿಡಿದು ಕರೆತಂದಿದ್ದಳು. ಅಜ್ಜಿ ಅವಳ ಮತ್ತು ಕಾರ್ಯದರ್ಶಿಯ ತಾತನ ತಂಗಿ.

ಗೋಡೆಯ ಮೇಲಿನ ದೊಡ್ಡ ಫೋಟೊದಲ್ಲಿ ನಡುವೆ ಗುರುಗಳು, ಸುತ್ತ ಹನ್ನೊಂದು ಮಂದಿ. ಅಜ್ಜಿಗೆ ಅದರ ಮುಂದೆಯೇ ಕುರ್ಚಿ ಹಾಕಿದ್ದಾಯಿತು.

"ಈ ಮೀಸೆಯವರು ಯಾರಜ್ಜಿ?"

"ನಮ್ಮಣ್ಣ ಕಣೇ, ನಿಮ್ಮ ತಾತ. ಮೂಗು ನೋಡಿದ್ರೆ ಗೊತ್ತಾಗಲ್ವಾ?"

"ಪಕ್ಕದವರು?"

"ಅವನ ಭಾವಮೈದ. ಆ ಬೋಳುತಲೆಯವನು ಭಾವಮೈದನ ಷಡ್ಡಕ. ಅವನಿಗೆ ಪ್ರಾರ್ಥನೆ ಗೀರ್ಥನೆ ಏನೂ ಬೇಕಿರಲಿಲ್ಲ, ಬೀಗರು ಸಿಟ್ಟು ಮಾಡ್ಕೋತಾರೆ ಅಂತ ಬಂದ."

"ಹೋಗಲಿ, ಈ ಹೆಂಗಸರು?"

"ಇಬ್ಬರೂ ವಾರಗಿತ್ತಿಯರು. ಒಬ್ಬಳು ಬಂದ್ಮೇಲೆ ಇನ್ನೊಬ್ಬಳು ಮನೇಲಿ ಕೂರ್ತಾಳಾ?"

ಕಾರ್ಯದರ್ಶಿ ಮೀಸೆಯಲ್ಲೇ ನಗುತ್ತಿದ್ದ. ದರ್ಜಿಯಮ್ಮನಿಗೆ ಅವನ ಕೆನ್ನೆಗೊಂದು ಬಿಡುವಷ್ಟು ಕೋಪ. ಒಬ್ಬೊಬ್ಬರನ್ನೇ ತೋರಿಸುತ್ತ ಹೋದಳು, ಅಜ್ಜಿ ಸೋದರಮಾವ, ಚಿಕ್ಕಪ್ಪ, ನಾದಿನಿ ಎಂದು ಗಂಟು ಹಾಕುತ್ತ ಹೋದಳು. ಕೊನೆಗೆ ಅಂಚಿನಲ್ಲಿ, ಎಲ್ಲರಿಂದ ಮಾರು ದೂರ, ಮುಖ ತಿರುಗಿಸಿ ನಿಂತಿದ್ದವನೊಬ್ಬ ಕಂಡ. ಅವಳಿಗೆ ಜೀವ ಬಂದಂತಾಯಿತು.

"ಇವನು? ದೂರ ನಿಂತಿದಾನಲ್ಲ, ಇವನು ಯಾರೂ ಅಲ್ಲ ತಾನೇ?"

"ಅವನಾ? ಆ ಬೋಳುತಲೆಯ ಅಳಿಯ. ಮಾವನ ಹತ್ರ ಮಾತು ಬಿಟ್ಟಿದ್ದ, ಅದಕ್ಕೇ ಆಚೆ ನಿಂತಿದಾನೆ."

"ಅಯ್ಯೋ ನನ್ನ ಕರ್ಮವೇ!" ದರ್ಜಿಯಮ್ಮ ಹಣೆ ಚಚ್ಚಿಕೊಂಡಳು. "ಎಲ್ಲಾ ಬಿಟ್ಟು ಬಂದರು, ಎಲ್ಲಾ ಬಿಟ್ಟು ಬಂದರು ಅಂತ ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ್ರಲ್ಲ, ಏನು ಬಿಟ್ಟು ಬಂದರು? ಇಡೀ ಮನೇನೇ ಕಟ್ಟಿಕೊಂಡು ಬಂದಿದಾರೆ!" ರೋಸಿಹೋಗಿ ಫೋಟೊದ ನಟ್ಟನಡುವೆ ಬೆರಳು ಕುಟ್ಟಿದಳು. "ಇವರೊಬ್ಬರು ಉಳಿದರು ನೋಡು. ಇವರು ಯಾರ ಭಾವ, ಅದನ್ನೂ ಹೇಳಿಬಿಡು!"

"ಗುರುಗಳಾ?" ಅಜ್ಜಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಅವರು ಯಾರಿಗೂ ಏನೂ ಆಗಬೇಕಿರಲಿಲ್ಲ ಕಣೇ. ಯಾವ ಊರೋ, ಯಾರ ಮಗನೋ. ಒಂದು ಸಂಜೆ ನಮ್ಮ ಜಗಲಿಗೆ ಬಂದು ಮಲಗೋಕೆ ಜಾಗ ಕೇಳಿದ್ರು. ನಮ್ಮಣ್ಣ ಊಟ ಹಾಕಿ ಚಾಪೆ ಕೊಟ್ಟ."

ಕಾರ್ಯದರ್ಶಿಯ ನಗು ಅರ್ಧಕ್ಕೇ ನಿಂತಿತು. "ಹಾಗಲ್ಲ ಅಜ್ಜಿ, ತಾತ ವಿಚಾರಿಸಿರಬೇಕಲ್ಲ, ಯಾರ ಪೈಕಿ, ಏನು ಅಂತ?"

"ಇಲ್ಲ ಮಗಾ," ಎಂದಳು ಅಜ್ಜಿ. "ಆಗ ನೀನಿನ್ನೂ ಹುಟ್ಟಿರಲಿಲ್ಲವಲ್ಲ, ಕೇಳೋರು ಯಾರಿದ್ರು?"