ಜ್ವರಕ್ಕೆ ಕೂತ ತಮ್ಮ

ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಹಸಿ ವಾಸನೆ ಬಂದರೆ ಈಗಲೂ ಶಿಡ್ಲಘಟ್ಟದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಜ್ವರ ಬಂದು ಆಸ್ಪತ್ರೆ ಸೇರಿದ್ದ ತಮ್ಮನನ್ನು ಹಿಂದಿನ ದಿನವಷ್ಟೇ ಜಟಕಾದಲ್ಲಿ ಮನೆಗೆ ಕರೆತಂದಿದ್ದರು. ಇನ್ನೂ ಎರಡು ವರ್ಷ ತುಂಬದ ಕೂಸು. ರೇಷ್ಮೆಹುಳುವಿನ ತಟ್ಟೆಗಳ ಪಕ್ಕದಲ್ಲೇ, ಅಮ್ಮನ ಹಳೇ ಸೀರೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದ. ಅಮ್ಮ ಗಂಜಿ ಕುಡಿಸಲು ಹೋದರೆ ತುಟಿ ಬಿಗಿಯುತ್ತಿದ್ದ.

“ಬಲವಂತ ಮಾಡಬ್ಯಾಡ ಕಣಮ್ಮ,” ಎಂದು ಅಜ್ಜಿ ಗದರಿದಳು. “ಜ್ವರಕ್ಕೆ ಕೂತ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಎದ್ದ ಮೇಲೆ ತಾನಾಗೇ ತಿನ್ತೈತೆ.”

ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನನಗೆ ಎರಡೂ ಜ್ವರ ಒಂದೇ ಆಗಿತ್ತು. ಹೆಚ್ಚಿಟ್ಟ ಎಳೆ ಸೊಪ್ಪು ಒಂದು ಹಿಡಿ ತಂದು ತಮ್ಮನ ಕೆನ್ನೆಯ ಬಳಿ ಸುರಿದು, ಕಾಯುತ್ತಾ ಕೂತೆ.

ತುಂಬ ಹೊತ್ತಾದ ಮೇಲೆ ಅವನ ಕೈ ಅಲುಗಿತು. ಒಂದು ಚೂರು ಸೊಪ್ಪು ಬಾಯಿಗಿಟ್ಟ. ಮುಖ ಕಿವುಚಿ ಉಗಿದ. ಆಮೇಲೆ, “ಅಮ್ಮಾ, ಮಮ್ಮು,” ಅಂದ.

“ಎದ್ದ ಕಣಮ್ಮ, ಎದ್ದ!” ಎಂದಳು ಅಜ್ಜಿ.

ಅಮ್ಮ ಗಂಜಿ ಬಿಸಿಮಾಡಲು ಓಡಿದಳು. ಹುಳು ಇರುವಲ್ಲಿ ದನಿ ಎತ್ತಬಾರದೆಂದು ನಮ್ಮನ್ನು ಸದಾ ಗದರುತ್ತಿದ್ದ ಅಜ್ಜಿ, ತಟ್ಟೆಗಳ ನಡುವೆ ಕುಸಿದು ಕೂತು ಗಟ್ಟಿಯಾಗಿ ಅಳತೊಡಗಿದಳು.